ಗೌರವ ಕೊಟ್ಟರು, ತಂಡ ಕೊಡಲಿಲ್ಲ: ಟ್ಯಾಸ್ಮೇನಿಯಾದ ‘ಹಾಲ್ ಆಫ್ ಫೇಮ್’ ಹೇಳುವ ರಾಜಕೀಯ

1967ರಲ್ಲಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಬರ್ನಿ ಎಂಬ ಊರಲ್ಲಿ ಒಂದು ಫುಟ್‌ಬಾಲ್ ಫೈನಲ್ ನಡೀತು. ಒಂದು ಕಡೆ ಅದೇ ಸೀಮೆಯ ವಿನ್ಯರ್ಡ್ ತಂಡ, ಇನ್ನೊಂದು ಕಡೆ ರಾಜಧಾನಿಯಿಂದ ಬಂದ ನಾರ್ತ್ ಹೋಬಾರ್ಟ್. ಆಟ ಮುಗಿಯುವ ಹೊತ್ತಿಗೆ ವಿನ್ಯರ್ಡ್ ಒಂದೇ ಒಂದು ಪಾಯಿಂಟ್ ಮುಂದಿತ್ತು. ಸೈರನ್ ಕೂಗಿತು. ಆದರೆ ನಾರ್ತ್ ಹೋಬಾರ್ಟ್‌ನ ಆಟಗಾರನೊಬ್ಬ ಗೋಲಿನ ಹತ್ತಿರವೇ ಚೆಂಡು ಹಿಡಿದಿದ್ದ. ನಿಯಮದ ಪ್ರಕಾರ ಅವನಿಗೆ ಒಂದು ಕಿಕ್‌ನ ಹಕ್ಕಿತ್ತು. ಅದು ಗೋಲಾದರೆ ಕಪ್ ರಾಜಧಾನಿಯ ಪಾಲು.

ಆ ಕಿಕ್ ನಡೆಯಲೇ ಇಲ್ಲ. ವಿನ್ಯರ್ಡ್ ಅಭಿಮಾನಿಗಳು ಮೈದಾನಕ್ಕೆ ನುಗ್ಗಿ ಗೋಲ್ ಕಂಬಗಳನ್ನೇ ಕಿತ್ತು ಹಾಕಿದರು! ಕಂಬವೇ ಇಲ್ಲದ ಮೇಲೆ ಗೋಲು ಎಲ್ಲಿಂದ? ಪಂದ್ಯಕ್ಕೆ ಫಲಿತಾಂಶ ಇಲ್ಲ ಅಂತ ಘೋಷಣೆಯಾಯಿತು. ಆ ವರ್ಷ ರಾಜ್ಯಕ್ಕೆ ಚಾಂಪಿಯನ್ನೇ ಇಲ್ಲ.

ತಮಾಷೆ ಅನ್ನಿಸಬಹುದು. ಆದರೆ ಒಂದು ಆಟವನ್ನು ಇಷ್ಟು ತೀವ್ರವಾಗಿ ಹಚ್ಚಿಕೊಂಡ ಜನರಿಗೆ, ಅದೇ ಆಟದ ರಾಷ್ಟ್ರೀಯ ಲೀಗ್‌ನಲ್ಲಿ ಸ್ವಂತ ತಂಡದ ಲೈಸೆನ್ಸ್ ಸಿಕ್ಕಿದ್ದು 2023ರಲ್ಲಿ. ಆ ತಂಡ ಮೈದಾನಕ್ಕೆ ಇಳಿಯಬೇಕಿರುವುದು 2028ಕ್ಕೆ. ಅಲ್ಲಿವರೆಗೆ ಅವರ ಬಳಿ ಇದ್ದದ್ದು ಒಂದು ಪಟ್ಟಿ: ಟ್ಯಾಸ್ಮೇನಿಯನ್ ಫುಟ್‌ಬಾಲ್ ಹಾಲ್ ಆಫ್ ಫೇಮ್.

ಈ ಪಟ್ಟಿಯನ್ನು ಕ್ರೀಡಾ ಪುಟದ ಸುದ್ದಿಯಾಗಿ ಮಾತ್ರ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತೆ. ಇದು ಕೇಂದ್ರ ಮತ್ತು ಅಂಚಿನ ನಡುವಿನ ಕಥೆ. ಪ್ರತಿಭೆ ಯಾರದ್ದು, ಲಾಭ ಯಾರಿಗೆ, ಸನ್ಮಾನ ಯಾಕೆ ಅಷ್ಟು ಸಲೀಸಾಗಿ ಸಿಗುತ್ತೆ ಅನ್ನೋ ಕಥೆ.

ಮೊದಲು, ಇದು ಯಾವ ಫುಟ್‌ಬಾಲ್?

ಮೆಸ್ಸಿ ಆಡೋ ಫುಟ್‌ಬಾಲ್ ಅಲ್ಲ. ಇದು ‘ಆಸ್ಟ್ರೇಲಿಯನ್ ರೂಲ್ಸ್’. ಇದರ ಮೊದಲ ಲಿಖಿತ ನಿಯಮಗಳು 1859ರಲ್ಲಿ ಮೆಲ್ಬರ್ನ್‌ನಲ್ಲಿ ರೂಪುಗೊಂಡವು. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನದಷ್ಟೇ ದೊಡ್ಡ ಅಂಗಳ, ಒಂದೊಂದು ತಂಡದಲ್ಲಿ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ಮಧ್ಯದ ಎರಡು ಕಂಬಗಳ ನಡುವೆ ಒದ್ದರೆ ಗೋಲು, 6 ಪಾಯಿಂಟ್. ಪಕ್ಕದ ಕಂಬಗಳ ನಡುವೆ ಹೋದರೆ 1 ಪಾಯಿಂಟ್. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಎಸೆಯೋ ಹಾಗಿಲ್ಲ. ಮುಷ್ಟಿಯಿಂದ ಗುದ್ದಿ ಪಾಸ್ ಕೊಡಬೇಕು.

ಟ್ಯಾಸ್ಮೇನಿಯಾ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ರಿಕಿ ಪಾಂಟಿಂಗ್. ಅವರ ಹುಟ್ಟೂರು ಅಲ್ಲಿನ ಲಾನ್ಸೆಸ್ಟನ್. ಇಡೀ ರಾಜ್ಯದ ಜನಸಂಖ್ಯೆ 6 ಲಕ್ಷವೂ ಇಲ್ಲ, ನಮ್ಮ ಮೈಸೂರು ನಗರಕ್ಕಿಂತ ಕಡಿಮೆ. ಮುಖ್ಯ ಭೂಭಾಗಕ್ಕೂ ಅದಕ್ಕೂ ನಡುವೆ ಬಾಸ್ ಜಲಸಂಧಿ. 1982ರ ಬ್ರಿಸ್ಬೇನ್ ಕಾಮನ್‌ವೆಲ್ತ್ ಗೇಮ್ಸ್ ಉದ್ಘಾಟನೆಯಲ್ಲಿ ಮೈದಾನದ ಮೇಲೆ ಮೂಡಿಸಿದ ಆಸ್ಟ್ರೇಲಿಯಾದ ನಕ್ಷೆಯಲ್ಲಿ ಟ್ಯಾಸ್ಮೇನಿಯಾ ಇರಲೇ ಇಲ್ಲ. ಅಲ್ಲಿನ ಜನ ಇದನ್ನು ಇವತ್ತಿಗೂ ಮರೆತಿಲ್ಲ.

ರಾಜ್ಯಕ್ಕೊಂದು ಪಟ್ಟಿ ಯಾಕೆ ಬೇಕಾಯ್ತು?

ನಾನು ಓದಿದ್ದು ಇಂಜಿನಿಯರಿಂಗ್. ಅದರಿಂದ ಉಳಿದಿರೋ ಒಂದು ಚಟ ಅಂದರೆ, ಯಾವುದೇ ಪಟ್ಟಿ ಕಂಡರೆ ಅದರಲ್ಲಿರೋ ಹೆಸರಿಗಿಂತ ಮೊದಲು ಅದನ್ನು ತಯಾರಿಸಿದ ಫಿಲ್ಟರ್ ಯಾವುದು ಅಂತ ಹುಡುಕೋದು.

1996ರಲ್ಲಿ ‘ಆಸ್ಟ್ರೇಲಿಯನ್ ಫುಟ್‌ಬಾಲ್ ಹಾಲ್ ಆಫ್ ಫೇಮ್’ ಶುರುವಾಯಿತು. ಹೆಸರು ಇಡೀ ದೇಶದ್ದು. ಆ ವರ್ಷ ಅತ್ಯುನ್ನತವಾದ ‘ಲೆಜೆಂಡ್’ ಪಟ್ಟ ಕೊಟ್ಟಿದ್ದು 12 ಜನಕ್ಕೆ. ಈ 12 ಮಂದಿಯೂ ವಿಕ್ಟೋರಿಯಾ ರಾಜ್ಯದ ಲೀಗ್ ಆದ ವಿಎಫ್‌ಎಲ್‌ನಲ್ಲಿ ಆಡಿದವರು. ಪರ್ತ್‌ನಿಂದ ಬಂದ ಮಹಾನ್ ಆಟಗಾರ ಗ್ರಹಾಂ ‘ಪಾಲಿ’ ಫಾರ್ಮರ್ ಅದರಲ್ಲಿದ್ದರು, ನಿಜ. ಆದರೆ ಅವರೂ ಜೀಲಾಂಗ್ ಪರ ವಿಎಫ್‌ಎಲ್ ಆಡಿದ್ದವರೇ. ಒಮ್ಮೆಯೂ ವಿಎಫ್‌ಎಲ್ ಆಡದ ಒಬ್ಬರಿಗೆ ಲೆಜೆಂಡ್ ಪಟ್ಟ ಸಿಕ್ಕಿದ್ದು 2001ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಬ್ಯಾರಿ ರಾಬ್ರನ್‌ಗೆ.

ಇದರಲ್ಲಿ ಯಾರದೋ ಪಿತೂರಿ ಇತ್ತು ಅಂತ ನಾನು ಹೇಳ್ತಿಲ್ಲ. ವಿಷಯ ಅದಕ್ಕಿಂತ ಸರಳ. ಎಎಫ್‌ಎಲ್ ಅನ್ನೋ ರಾಷ್ಟ್ರೀಯ ಲೀಗ್ ಹುಟ್ಟಿದ್ದು ಎಲ್ಲ ರಾಜ್ಯಗಳೂ ಸೇರಿ ಹೊಸದಾಗಿ ಕಟ್ಟಿದ್ದರಿಂದ ಅಲ್ಲ. ಮೆಲ್ಬರ್ನ್‌ನ ವಿಎಫ್‌ಎಲ್ ತಾನೇ ಹಿಗ್ಗಿ, 1990ರಲ್ಲಿ ಹೆಸರು ಬದಲಿಸಿಕೊಂಡಿತು. ಹೀಗಾಗಿ ಮೆಲ್ಬರ್ನ್‌ನ ಇತಿಹಾಸ ‘ದೇಶದ’ ಇತಿಹಾಸವಾಯಿತು. ಉಳಿದವರದ್ದು ‘ಸ್ಥಳೀಯ’ ಇತಿಹಾಸವಾಗಿ ಉಳಿಯಿತು.

ಆಮೇಲಿನ ಇಸವಿಗಳನ್ನು ನೋಡಿ. ದಕ್ಷಿಣ ಆಸ್ಟ್ರೇಲಿಯಾದ ಹಾಲ್ ಆಫ್ ಫೇಮ್ 2002ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ್ದು 2004ರಲ್ಲಿ, ಟ್ಯಾಸ್ಮೇನಿಯಾದ್ದು 2005ರಲ್ಲಿ, ಕ್ವೀನ್ಸ್‌ಲ್ಯಾಂಡ್‌ನದ್ದು 2008ರಲ್ಲಿ. ರಾಜ್ಯಗಳು ಒಂದರ ಹಿಂದೊಂದು ತಮ್ಮ ಲೆಕ್ಕದ ಪುಸ್ತಕ ತಾವೇ ತೆರೆದವು.

ಟ್ಯಾಸ್ಮೇನಿಯಾದ ಪುಸ್ತಕದಲ್ಲಿ ಆಟಗಾರರಿಗೆ ಮಾತ್ರವಲ್ಲ, ಕೋಚ್, ಅಂಪೈರ್, ಆಡಳಿತ ನೋಡಿಕೊಂಡವರು, ಮಾಧ್ಯಮದವರಿಗೂ ಜಾಗ ಉಂಟು. ಸಣ್ಣ ರಾಜ್ಯಕ್ಕೆ ಇದು ತುಂಬಾ ಮುಖ್ಯ. ಯಾಕೆಂದರೆ ಸ್ಟಾರ್‌ಗಳು ಮೆಲ್ಬರ್ನ್‌ಗೆ ಹೋಗ್ತಾರೆ. ಊರಲ್ಲೇ ಉಳಿದು ಆಟವನ್ನು ಜೀವಂತವಾಗಿ ಇಡುವವರು ಇವರೇ. ದೊಡ್ಡ ಲೀಗ್‌ನ ಅಂಕಿಅಂಶದಲ್ಲಿ ಇವರಿಗೆ ಕಾಲಮ್ಮೇ ಇಲ್ಲ.

ನಾಲ್ಕು ಹೆಸರು, ಒಂದೇ ದಾರಿ

ಈ ಪಟ್ಟಿಯ ನಾಲ್ಕು ದೊಡ್ಡ ಹೆಸರುಗಳನ್ನು ನೋಡೋಣ.

ಡ್ಯಾರೆಲ್ ಬಾಲ್ಡಾಕ್. ವಾಯವ್ಯ ಟ್ಯಾಸ್ಮೇನಿಯಾದ ಡೆವನ್‌ಪೋರ್ಟ್‌ನಲ್ಲಿ ಹುಟ್ಟಿದವರು. ಮೆಲ್ಬರ್ನ್‌ನ ಸೇಂಟ್ ಕಿಲ್ಡಾ ಕ್ಲಬ್ ತನ್ನ ಇತಿಹಾಸದಲ್ಲಿ ಗೆದ್ದಿರೋದು ಒಂದೇ ಒಂದು ಕಿರೀಟ, 1966ರಲ್ಲಿ, ಒಂದೇ ಪಾಯಿಂಟ್ ಅಂತರದಲ್ಲಿ. ಅದರ ನಾಯಕ ಬಾಲ್ಡಾಕ್.

ಇಯಾನ್ ಸ್ಟುವರ್ಟ್. ತಾಮ್ರದ ಗಣಿಯೂರು ಕ್ವೀನ್ಸ್‌ಟೌನ್‌ನಲ್ಲಿ ಹುಟ್ಟಿದವರು. ಆ ಊರಿನ ಮೈದಾನದಲ್ಲಿ ಹುಲ್ಲಿಲ್ಲ, ಜಲ್ಲಿ ಇದೆ. ಬಿದ್ದರೆ ಮಂಡಿ ಕಿತ್ತುಹೋಗುತ್ತೆ. ಸ್ಟುವರ್ಟ್ ಲೀಗ್‌ನ ಶ್ರೇಷ್ಠ ಆಟಗಾರನಿಗೆ ಕೊಡೋ ಬ್ರೌನ್‌ಲೋ ಪದಕವನ್ನು ಮೂರು ಸಲ ಗೆದ್ದರು: 1965, 1966ರಲ್ಲಿ ಸೇಂಟ್ ಕಿಲ್ಡಾ ಪರ, 1971ರಲ್ಲಿ ರಿಚ್ಮಂಡ್ ಪರ.

ರಾಯ್ಸ್ ಹಾರ್ಟ್. ರಿಚ್ಮಂಡ್ ಪರ 1967, 1969, 1973, 1974ರ ನಾಲ್ಕು ಕಿರೀಟಗಳಲ್ಲಿ ಪಾಲುದಾರ. ಒಂದು ಸೂಟು, ಆರು ಅಂಗಿ ಕೊಟ್ಟು ರಿಚ್ಮಂಡ್ ಈತನನ್ನು ಕರೆತಂದಿತು ಅನ್ನೋ ಮಾತು ಆಟದ ವಲಯದಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ.

ಪೀಟರ್ ಹಡ್ಸನ್. ನ್ಯೂ ನಾರ್ಫೋಕ್‌ನ ಹುಡುಗ. ಹಾಥಾರ್ನ್ ಪರ 1971ರ ಒಂದೇ ಸೀಸನ್‌ನಲ್ಲಿ 150 ಗೋಲು ಹೊಡೆದು 1934ರ ದಾಖಲೆಯನ್ನು ಸರಿಗಟ್ಟಿದರು. 129 ಪಂದ್ಯಗಳಲ್ಲಿ 727 ಗೋಲು, ಅಂದರೆ ಪಂದ್ಯಕ್ಕೆ ಐದೂವರೆಗಿಂತ ಹೆಚ್ಚು. 1977ರಲ್ಲಿ ಹೋಬಾರ್ಟ್‌ನಲ್ಲೇ ವಾಸವಿದ್ದು, ಪಂದ್ಯಗಳಿಗೆ ವಿಮಾನದಲ್ಲಿ ಹೋಗಿಬರುತ್ತಲೇ 110 ಗೋಲು ಹೊಡೆದರು.

ಗಮನಿಸಿ, ಈ ಸಾಧನೆಗಳೆಲ್ಲ ದಾಖಲಾಗಿರೋದು ಮೆಲ್ಬರ್ನ್ ಕ್ಲಬ್‌ಗಳ ಹೆಸರಲ್ಲಿ. ಹಡ್ಸನ್ ಟ್ಯಾಸ್ಮೇನಿಯಾದ ಲೀಗ್‌ನಲ್ಲಿ ಹೊಡೆದ ಗೋಲುಗಳು ಆ 727ರ ಲೆಕ್ಕದಲ್ಲಿ ಇಲ್ಲ. ಬಾಲ್ಡಾಕ್ ಮೆಲ್ಬರ್ನ್ ಬಿಟ್ಟು ವಾಪಸ್ ಬಂದು, ಲಟ್ರೋಬ್ ಅನ್ನೋ ಪುಟ್ಟ ಊರಿನ ತಂಡಕ್ಕೆ 1969ರಿಂದ ಸತತ ನಾಲ್ಕು ವರ್ಷ ಕಪ್ ಗೆಲ್ಲಿಸಿದ್ದು ಕೂಡ ರಾಷ್ಟ್ರೀಯ ದಾಖಲೆಯ ಕಣ್ಣಿಗೆ ಬೀಳಲ್ಲ. ರಾಜ್ಯದ ಹಾಲ್ ಆಫ್ ಫೇಮ್ ಮಾಡೋ ಮೊದಲ ಕೆಲಸ ಇದು: ಈ ಬಿಟ್ಟುಹೋದ ಭಾಗವನ್ನು ವಾಪಸ್ ಲೆಕ್ಕಕ್ಕೆ ತರೋದು.

ಅಂದ ಹಾಗೆ, ಬಾಲ್ಡಾಕ್ 1972ರಲ್ಲಿ ಲೇಬರ್ ಪಕ್ಷದಿಂದ ರಾಜ್ಯ ವಿಧಾನಸಭೆಗೆ ಆಯ್ಕೆಯಾದರು, ಮಂತ್ರಿಯೂ ಆದರು. 1987ರಲ್ಲಿ ಶಾಸಕ ಸ್ಥಾನ ಬಿಟ್ಟು ಹೋಗಿದ್ದು ಎಲ್ಲಿಗೆ ಗೊತ್ತಾ? ಮತ್ತೆ ಮೆಲ್ಬರ್ನ್‌ಗೆ, ಸೇಂಟ್ ಕಿಲ್ಡಾ ಕೋಚ್ ಆಗಿ. ಮಂತ್ರಿಯಾಗಿದ್ದವರನ್ನೂ ಎಳೆದುಕೊಳ್ಳುವಷ್ಟು ಬಲವಾಗಿತ್ತು ಆ ಕೇಂದ್ರದ ಸೆಳೆತ.

ಹಾಗಾದ್ರೆ ತಂಡ ಯಾಕೆ ಕೊಡಲಿಲ್ಲ?

ಇಲ್ಲಿ ಮಾರುಕಟ್ಟೆಯ ಲೆಕ್ಕಾಚಾರ ಬರುತ್ತೆ. 1982ರಲ್ಲಿ ಸೌತ್ ಮೆಲ್ಬರ್ನ್ ತಂಡವನ್ನು ಸಿಡ್ನಿಗೆ ಕಳಿಸಿದರು. 1987ರಲ್ಲಿ ಬ್ರಿಸ್ಬೇನ್ ಮತ್ತು ಪರ್ತ್‌ಗೆ ತಂಡ. 1991ರಲ್ಲಿ ಅಡಿಲೇಡ್, 1995ರಲ್ಲಿ ಫ್ರೀಮ್ಯಾಂಟಲ್, 1997ರಲ್ಲಿ ಪೋರ್ಟ್ ಅಡಿಲೇಡ್. 2011ರಲ್ಲಿ ಗೋಲ್ಡ್ ಕೋಸ್ಟ್, 2012ರಲ್ಲಿ ಪಶ್ಚಿಮ ಸಿಡ್ನಿ. ಕೊನೆಯ ಎರಡು ಕಡೆ ಜನ ಹೆಚ್ಚಾಗಿ ನೋಡೋದು ರಗ್ಬಿ. ಆದರೂ ಅಲ್ಲಿಗೆ ತಂಡ ಹೋಯ್ತು, ಯಾಕೆಂದರೆ ಅಲ್ಲಿ ಹೊಸ ವೀಕ್ಷಕರನ್ನು ಗಳಿಸಬೇಕಿತ್ತು, ಟಿವಿ ಹಕ್ಕಿನ ಬೆಲೆ ಏರಬೇಕಿತ್ತು.

ಟ್ಯಾಸ್ಮೇನಿಯಾದಲ್ಲಿ ಗಳಿಸೋಕೆ ಏನಿತ್ತು? ಅಲ್ಲಿನವರು ಹೇಗಿದ್ದರೂ ಆಟ ನೋಡ್ತಾರೆ. ಮೆಲ್ಬರ್ನ್‌ನ ಯಾವುದೋ ಕ್ಲಬ್‌ಗೆ ಆಗಲೇ ಅಭಿಮಾನಿಗಳು. ನಮ್ಮ ರಾಜಕೀಯದ ಭಾಷೆಯಲ್ಲಿ ಹೇಳಬೇಕೆಂದರೆ, ಇದು ಗ್ಯಾರಂಟಿ ಓಟಿನ ಕ್ಷೇತ್ರ. ಗೆದ್ದೇ ಗೆಲ್ಲೋ ಕ್ಷೇತ್ರಕ್ಕೆ ಯಾರೂ ರಸ್ತೆ ಮಾಡಿಸಲ್ಲ. ಮುಖಂಡರು ಬರ್ತಾರೆ, ಹಾರ ಹಾಕ್ತಾರೆ, ಹೋಗ್ತಾರೆ.

ಅದಕ್ಕಿಂತ ವಿಚಿತ್ರ ನೋಡಿ. 2001ರಿಂದ ಹಾಥಾರ್ನ್ ಕ್ಲಬ್ ವರ್ಷಕ್ಕೆ ಕೆಲವು ಪಂದ್ಯಗಳನ್ನು ಲಾನ್ಸೆಸ್ಟನ್‌ನಲ್ಲಿ ಆಡತೊಡಗಿತು. 2012ರಿಂದ ನಾರ್ತ್ ಮೆಲ್ಬರ್ನ್ ಹೋಬಾರ್ಟ್‌ನಲ್ಲಿ. ರಾಜ್ಯ ಸರ್ಕಾರ ಹಾಥಾರ್ನ್‌ಗೆ ಪ್ರಾಯೋಜಕನಾಗಿ, ಆ ಕ್ಲಬ್ಬಿನ ಜೆರ್ಸಿ ಮೇಲೆ ‘ಟ್ಯಾಸ್ಮೇನಿಯಾ’ ಅಂತ ಅಚ್ಚಾಯಿತು. ಅಂದರೆ ತನ್ನ ಹೆಸರನ್ನು ಬೇರೆಯವರ ಅಂಗಿಯ ಮೇಲೆ ನೋಡೋಕೆ ಒಂದು ರಾಜ್ಯ ತನ್ನ ತೆರಿಗೆ ದುಡ್ಡು ಕೊಟ್ಟಿತು.

ಒಳಜಗಳವೂ ಕಾರಣ ಅಂತ ಹೇಳೋರಿದ್ದಾರೆ, ಅದು ಪೂರ್ತಿ ಸುಳ್ಳಲ್ಲ. ದಕ್ಷಿಣದ ಹೋಬಾರ್ಟ್, ಉತ್ತರದ ಲಾನ್ಸೆಸ್ಟನ್, ವಾಯವ್ಯದ ಕರಾವಳಿ, ಈ ಮೂರಕ್ಕೂ ದಶಕಗಳ ಕಾಲ ಬೇರೆ ಬೇರೆ ಲೀಗ್. ಗೋಲ್ ಕಂಬ ಕಿತ್ತವರ ಕಥೆ ಆಗಲೇ ಹೇಳಿದೆನಲ್ಲ. ‘ನೀವು ಮೊದಲು ಒಂದಾಗಿ, ಆಮೇಲೆ ನೋಡೋಣ’ ಅನ್ನೋದು ಮೇಲಿದ್ದವರಿಗೆ ಸುಲಭದ ಉತ್ತರವಾಯಿತು. ಅಂಚಿನವರ ಜಗಳ ಕೇಂದ್ರಕ್ಕೆ ಯಾವಾಗಲೂ ಅನುಕೂಲವೇ.

ಆದರೆ ತಂಡ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ಅದೇ ರಾಜ್ಯದಲ್ಲಿ ಉತ್ತರ ಇದೆ. ಕ್ರಿಕೆಟ್‌ನ ಶೆಫೀಲ್ಡ್ ಶೀಲ್ಡ್‌ಗೆ ಟ್ಯಾಸ್ಮೇನಿಯಾವನ್ನು ಸೇರಿಸಿಕೊಂಡಿದ್ದೇ 1977–78ರಲ್ಲಿ. ಮುಂದಿನ ಸೀಸನ್‌ನಲ್ಲೇ ಡೇವಿಡ್ ಬೂನ್ ಅದೇ ತಂಡದಿಂದ ಆಟ ಶುರುಮಾಡಿದರು. ಆಮೇಲೆ ಪಾಂಟಿಂಗ್ ಬಂದರು. 2006–07ರಲ್ಲಿ ರಾಜ್ಯ ಶೀಲ್ಡನ್ನೇ ಗೆದ್ದಿತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ‘ಜ್ಯಾಕ್‌ಜಂಪರ್ಸ್’ ತಂಡ 2021–22ರಲ್ಲಿ ರಾಷ್ಟ್ರೀಯ ಲೀಗ್‌ಗೆ ಬಂದು, ಮೂರನೇ ಸೀಸನ್‌ನಲ್ಲೇ ಚಾಂಪಿಯನ್ ಆಯಿತು. ‘ಸಣ್ಣ ರಾಜ್ಯಕ್ಕೆ ಆಗಲ್ಲ’ ಅನ್ನೋ ಮಾತು ಎಷ್ಟು ಸತ್ಯ ಅಂತ ನೀವೇ ತೀರ್ಮಾನಿಸಿ.

ತಂಡ ಬಂತು, ಜೊತೆಗೆ ಬಿಲ್ಲೂ ಬಂತು

2023ರ ಮೇ 3ರಂದು ಎಎಫ್‌ಎಲ್ ತನ್ನ 19ನೇ ಲೈಸೆನ್ಸನ್ನು ಟ್ಯಾಸ್ಮೇನಿಯಾಕ್ಕೆ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಡೆವನ್‌ಪೋರ್ಟ್‌ನಲ್ಲಿ ‘ಡೆವಿಲ್ಸ್’ ಅನ್ನೋ ಹೆಸರು, ಎದೆ ಮೇಲೆ ರಾಜ್ಯದ ನಕ್ಷೆ ಇರೋ ಜೆರ್ಸಿ ಬಿಡುಗಡೆಯಾಯಿತು. 10 ಡಾಲರ್‌ಗೆ ಸ್ಥಾಪಕ ಸದಸ್ಯತ್ವ. ಗುರಿ ಇದ್ದದ್ದು 40,000. ಕೆಲವೇ ಗಂಟೆಗಳಲ್ಲಿ ಮುಟ್ಟಿಯಾಯಿತು. ಮುಂದೆ 2 ಲಕ್ಷವೂ ದಾಟಿತು. ಹೊರಗಿನವರೂ ಸೇರಿದ್ದರು ಅಂತ ಇಟ್ಟುಕೊಂಡರೂ, 6 ಲಕ್ಷ ಜನರಿಲ್ಲದ ರಾಜ್ಯಕ್ಕೆ ಇದು ಸಣ್ಣ ಸಂಖ್ಯೆಯಲ್ಲ.

ಆದರೆ ಲೈಸೆನ್ಸ್‌ಗೆ ಒಂದು ಷರತ್ತಿತ್ತು. ಹೋಬಾರ್ಟ್‌ನ ಮ್ಯಾಕ್ವಾರಿ ಪಾಯಿಂಟ್‌ನಲ್ಲಿ 23,000 ಆಸನಗಳ, ಛಾವಣಿ ಇರೋ ಹೊಸ ಸ್ಟೇಡಿಯಂ ಕಟ್ಟಬೇಕು. ಮೊದಲ ಅಂದಾಜು 71.5 ಕೋಟಿ ಆಸ್ಟ್ರೇಲಿಯನ್ ಡಾಲರ್. ಆಮೇಲೆ 94.5 ಕೋಟಿ. ಆಮೇಲೆ ಸುಮಾರು 113 ಕೋಟಿ. ಇದರಲ್ಲಿ ಫೆಡರಲ್ ಸರ್ಕಾರದ ಪಾಲು 24 ಕೋಟಿ. ಷರತ್ತು ಹಾಕಿದ ಎಎಫ್‌ಎಲ್ ಸ್ಟೇಡಿಯಂಗೆ ಕೊಡೋದು 1.5 ಕೋಟಿ. ತಂಡಕ್ಕೆ, ತಳಮಟ್ಟದ ಆಟಕ್ಕೆ ಬೇರೆ ಹಣ ಹಾಕುತ್ತೇವೆ ಅಂತ ಅದು ಹೇಳಿದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳೋಣ. ಆದರೂ ಕಟ್ಟಡದ ಭಾರದ ದೊಡ್ಡ ಪಾಲು ಬೀಳೋದು ರಾಜ್ಯದ ಖಜಾನೆ ಮೇಲೇ.

ರಾಜಕೀಯ ಅಲ್ಲಾಡಿಹೋಯಿತು. 2023ರಲ್ಲಿ ಇಬ್ಬರು ಶಾಸಕರು ಆಡಳಿತ ಪಕ್ಷವನ್ನು ಬಿಟ್ಟರು, ಸರ್ಕಾರ ಅಲ್ಪಮತಕ್ಕೆ ಇಳಿಯಿತು. ಅವರ ಆಕ್ಷೇಪಗಳಲ್ಲಿ ಸ್ಟೇಡಿಯಂ ಕೂಡ ಇತ್ತು. 2025ರ ಜೂನ್‌ನಲ್ಲಿ ರಾಜ್ಯದ ಹಣಕಾಸು ಸ್ಥಿತಿ ಮುಂದಿಟ್ಟು ತಂದ ಅವಿಶ್ವಾಸ ನಿರ್ಣಯ ಸ್ಪೀಕರ್ ಮತದಿಂದ ಗೆದ್ದಿತು. ಜುಲೈನಲ್ಲಿ ಮತ್ತೆ ಚುನಾವಣೆ. ಸೆಪ್ಟೆಂಬರ್‌ನಲ್ಲಿ ರಾಜ್ಯದ ಯೋಜನಾ ಆಯೋಗ, ‘ಲಾಭಕ್ಕಿಂತ ವೆಚ್ಚವೇ ಜಾಸ್ತಿ, ಈ ಯೋಜನೆ ಬೇಡ’ ಎಂಬರ್ಥದ ಶಿಫಾರಸು ಮಾಡಿತು. ಡಿಸೆಂಬರ್‌ನಲ್ಲಿ ಮೇಲ್ಮನೆ 9–5 ಮತಗಳಿಂದ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ನೆನಪು ಬೇರೆ, ಬಿಲ್ಲು ಬೇರೆ

ಈಗ ಹಾಲ್ ಆಫ್ ಫೇಮ್‌ಗೆ ವಾಪಸ್ ಬರೋಣ. ‘ಬಾಲ್ಡಾಕ್, ಹಡ್ಸನ್, ಹಾರ್ಟ್, ಸ್ಟುವರ್ಟ್‌ರನ್ನು ಕೊಟ್ಟ ನೆಲ ಇದು, ನಮಗೆ ತಂಡ ಬೇಕು’ ಅನ್ನೋ ವಾದಕ್ಕೆ ಆ ಪಟ್ಟಿಯೇ ಸಾಕ್ಷಿ. ಈ ವಾದ ನ್ಯಾಯವಾದದ್ದು ಅಂತಲೇ ನನ್ನ ಅಭಿಪ್ರಾಯ. ಪಟ್ಟಿ ಇಲ್ಲದಿದ್ದರೆ ‘ನಿಮ್ಮಲ್ಲಿ ಏನಿದೆ’ ಅಂದವರಿಗೆ ಒಂದೇ ಕಡೆ ತೋರಿಸೋ ದಾಖಲೆ ಇರುತ್ತಿರಲಿಲ್ಲ. ದಾಖಲೆ ಇಟ್ಟುಕೊಂಡವರಿಗೆ ಮಾತ್ರ ಹಕ್ಕು ಕೇಳೋಕೆ ಬಾಯಿ ಇರುತ್ತೆ.

ಆದರೆ ಆ ನೆನಪನ್ನೇ ಖಾಲಿ ಚೆಕ್ ಮಾಡಿಕೊಂಡರೆ ಸಮಸ್ಯೆ. ‘ನಮ್ಮ ಹಿರಿಯರ ಕನಸು’ ಅನ್ನುತ್ತಾ 113 ಕೋಟಿಯ ಬಿಲ್ಲಿಗೆ ಸಹಿ ಹಾಕಿಸಿಕೊಂಡರೆ, ಪ್ರಶ್ನೆ ಕೇಳಿದವರು ರಾಜ್ಯದ್ರೋಹಿಗಳ ಹಾಗೆ ಕಾಣತೊಡಗುತ್ತಾರೆ. ತಂಡ ಬೇಕು, ಆದರೆ ಈ ಷರತ್ತು ಬೇಡ ಅನ್ನೋರೂ ಅಲ್ಲಿ ಬಹಳ ಜನ ಇದ್ದಾರೆ. ಅವರ ಫುಟ್‌ಬಾಲ್ ಪ್ರೀತಿ ಒಂದು ಗುಲಗಂಜಿಯಷ್ಟೂ ಕಡಿಮೆ ಇಲ್ಲ.

ಮತ್ತೆ, ಪಟ್ಟಿಯಲ್ಲಿರೋ ಕೋಚ್, ಅಂಪೈರ್, ಕ್ಲಬ್ ನಡೆಸಿದವರ ಊರುಗಳು ಈಗ ಹೇಗಿವೆ? ಬರ್ನಿ ಮತ್ತು ಡೆವನ್‌ಪೋರ್ಟ್ ಕ್ಲಬ್‌ಗಳು 2018ರ ಸೀಸನ್ ಹೊತ್ತಿಗೆ ರಾಜ್ಯ ಲೀಗ್‌ನಿಂದಲೇ ಹೊರಬಂದವು. ಬಾಲ್ಡಾಕ್ ಹುಟ್ಟಿದ ಸೀಮೆಗೆ ಆ ಲೀಗ್‌ನಲ್ಲಿ ತಂಡವೇ ಉಳಿಯಲಿಲ್ಲ. 2024ರ ಸೀಸನ್‌ಗೆ ರಾಜ್ಯ ಲೀಗೇ ಮುಗಿಯಿತು; ಮತ್ತೆ ಹಳೆಯ ಹಾಗೆ ಮೂರು ಭಾಗದ ಪ್ರಾದೇಶಿಕ ಲೀಗ್‌ಗಳು. ಮೇಲಿನ ಹಂತದಲ್ಲಿ ಸ್ಟೇಡಿಯಂಗೆ ಛಾವಣಿ ಬರ್ತಿದೆ, ಕೆಳಗಿನ ಹಂತದಲ್ಲಿ ಏಣಿಯ ಮೆಟ್ಟಿಲು ಸಡಿಲವಾಗಿದೆ. ಇಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು, ಲೋಡ್ ಹೊರೋದು ಅಡಿಪಾಯ, ಛಾವಣಿ ಅಲ್ಲ.

ಹಾಗಾಗಿ ಮುಂದೆ ಇದರ ಸುದ್ದಿ ಕಂಡಾಗ ಮೂರು ವಿಷಯ ನೋಡಿ. ಒಂದು, ಸ್ಟೇಡಿಯಂನ ವೆಚ್ಚ ಇನ್ನೂ ಏರಿದರೆ ಆ ಹೆಚ್ಚುವರಿ ಹಣ ಯಾರ ಜೇಬಿನಿಂದ ಹೋಗುತ್ತೆ. ಎರಡು, ವಿನ್ಯರ್ಡ್, ಲಟ್ರೋಬ್, ಕ್ವೀನ್ಸ್‌ಟೌನ್‌ನಂಥ ಊರುಗಳ ಕ್ಲಬ್‌ಗಳಿಗೆ ಎಷ್ಟು ಸಿಗುತ್ತೆ. ಮೂರು, ಮುಂದಿನ ವರ್ಷಗಳಲ್ಲಿ ಆ ಹಾಲ್ ಆಫ್ ಫೇಮ್‌ಗೆ ಸೇರೋರು ಯಾರು: ದೊಡ್ಡ ಲೀಗ್ ಆಡಿ ಬಂದವರು ಮಾತ್ರವಾ, ಅಥವಾ ಚಳಿಗಾಲದ ಬೆಳಗ್ಗೆ ಗೆರೆ ಎಳೆದು, ಮಕ್ಕಳಿಗೆ ಆಟ ಕಲಿಸಿ ಊರಲ್ಲೇ ಉಳಿದವರೂ ಇರ್ತಾರಾ?

ಸನ್ಮಾನ ಕೆಟ್ಟದ್ದಲ್ಲ. ಒಂದು ಫಲಕ, ಒಂದು ಸಂಜೆಯ ಊಟ, ಒಂದು ಚಪ್ಪಾಳೆ ಯಾರಿಗೆ ಬೇಡ? ಆದರೆ ಕೊಡೋರಿಗೆ ಅತಿ ಕಡಿಮೆ ಖರ್ಚಾಗೋದೂ ಅದೇ. ಟ್ಯಾಸ್ಮೇನಿಯಾಕ್ಕೆ ರಾಷ್ಟ್ರೀಯ ಲೀಗ್ ದಶಕಗಳ ಕಾಲ ಕೊಟ್ಟಿದ್ದು ಸನ್ಮಾನ ಮಾತ್ರ, ಕೊಡದೇ ಇದ್ದದ್ದು ಪಾಲು. ಈಗ ಪಾಲು ಸಿಕ್ಕಿದೆ, ಅದರ ಬೆಲೆ ಎಷ್ಟು ಅಂತ ಆ ರಾಜ್ಯ ಲೆಕ್ಕ ಹಾಕ್ತಿದೆ. ನಿಮ್ಮ ಊರಿಗೆ, ನಿಮ್ಮ ಭಾಷೆಗೆ, ನಿಮ್ಮ ಆಟಕ್ಕೆ ಯಾರಾದರೂ ಹಾರ ಹಿಡಿದು ಬಂದರೆ ಖುಷಿಯಿಂದ ಹಾಕಿಸಿಕೊಳ್ಳಿ. ಹಾಕಿಸಿಕೊಂಡ ಮೇಲೆ ಬಜೆಟ್ ಪ್ರತಿ ಎಲ್ಲಿ ಅಂತಲೂ ಕೇಳಿ.